ತಿಳಿ

ಕವಾಗುಚಿಯಲ್ಲಿ ಎರಕದ ಕುಲುಮೆಗಳು ಆರಿ
ಅಪಾರ್ಟ್‌ಮೆಂಟುಗಳು ಎದ್ದ ಮೇಲೆ
ಉಳಿದದ್ದು ಈ ಒಂದು ಹಾಲು, ಹನ್ನೆರಡು ಪೀಪಾಯಿ
ಮತ್ತು ನಾನು.
ಪೀಪಾಯಿ ಬಾಯಿಗೆ ಕಿತ್ತಾನು ಬಿಗಿಯುವುದು ನನ್ನ ಕೆಲಸ.
ನಡುವೆ ಚೂರು ತಗ್ಗು ಬಿಡಬೇಕು, ಬೊಗಸೆಯಷ್ಟು;
ಇಸ್ತ್ರಿಗೆ ಮುಂಚೆ ಅಂಗಿಗೆ ಚಿಮುಕಿಸಿದ ಹಾಗೆ
ನೀರು ಚಿಮುಕಿಸಬೇಕು.
ಆಮೇಲೆ ಹುಡುಗರು ಬರುತ್ತಾರೆ
ನಾಣ್ಯದಷ್ಟಗಲದ ಕಬ್ಬಿಣದ ಬುಗುರಿ ಹಿಡಿದು
ಲೋಕ ಗೆಲ್ಲುವವರ ಹಾಗೆ ಕಿರುಚುತ್ತ.

ಕುಗಾ ಕಿರುಚುವುದಿಲ್ಲ.
ಮೂರು ವರ್ಷ, ಅರವತ್ತು ಆಟ, ಅರವತ್ತೂ ಗೆಲುವು.
ಚಾಟಿ ಸುತ್ತುವಾಗ ಎದುರಿನವರ ಮುಖ ನೋಡಿದ್ದಿಲ್ಲ.
ಠಣ್ ಎಂಬ ಸದ್ದು ಕೇಳುವಷ್ಟರಲ್ಲಿ
ಬಾಗಿಲಲ್ಲಿ ಬೂಟು ಹಾಕುತ್ತಿರುತ್ತಿದ್ದ;
ಅವನ ಬುಗುರಿ ಎತ್ತಿ ತರಲು ಹಿಂಬಾಲಕನೊಬ್ಬ.
ಟಿವಿಯವರು ಅದರ ನೆತ್ತಿಯಿಂದ
ನೀಲಿ ಕೊಕ್ಕರೆ ರೆಕ್ಕೆ ಬಿಚ್ಚಿ ಏಳುವಂತೆ ಗ್ರಾಫಿಕ್ಸ್ ಹಾಕುತ್ತಾರೆ.
ನಾನು ಹತ್ತಿರದಿಂದ ಕಂಡಿದ್ದೇನೆ,
ಏಳುವುದು ನಾನು ಚಿಮುಕಿಸಿದ ನೀರೇ, ನಾಲ್ಕು ಹನಿ.

ಇಲ್ಲಿಯ ಕಟ್ಟಳೆ ಒಂದೇ: ಗೆದ್ದವನಿಗೆ ಸೋತವನ ಬುಗುರಿ.
ಕುಗಾ ಒಂದನ್ನೂ ಮುಟ್ಟಲಿಲ್ಲ.
ಜನ ಅದನ್ನು ದೊಡ್ಡತನ ಎಂದರು.
ಬಡಿಸಿದ್ದನ್ನು ತಟ್ಟೆಯಲ್ಲೇ ಬಿಟ್ಟು ಏಳುವುದೂ
ಕೆಲವರ ಕಣ್ಣಿಗೆ ದೊಡ್ಡತನವೇ.
ಬಿದ್ದವನ್ನು ಹೆಕ್ಕಿ, ಹೆಸರಿನ ಚೀಟಿ ಸುತ್ತಿ
ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತ ಬಂದೆ.

ಅರವತ್ತೊಂದನೆಯವಳು ಮಿಸುಜು, ಹನ್ನೊಂದು ವರ್ಷ.
ಅಜ್ಜನ ಕುಲುಮೆ ಮುಚ್ಚಿದ ದಿನ
ಸುರಿದ ಕೊನೆಯ ಎರಕ ಅವಳ ಬುಗುರಿ;
ಅರ ಹಾಕಿ ಹಾಕಿ ಬೆರಳ ತುದಿ ಕಪ್ಪು.
ಮೂರು ಡಿಕ್ಕಿ ತಡೆಯಿತು.
ನಾಲ್ಕಕ್ಕೆ ಹಾರಿ ನನ್ನ ಚಪ್ಪಲಿಯ ಬಳಿ ಬಿತ್ತು.

ಕುಗಾ ಆಗಲೇ ಬೆನ್ನು ಹಾಕಿದ್ದ.
"ಇದು ನಿಮ್ಮದು" ಎಂದಳು.
ಅವನು ನಿಲ್ಲಲಿಲ್ಲ.
"ತಗೊಳ್ಳದೆ ಹೋದರೆ ನಾನು ಸೋತೇ ಇಲ್ಲ.
ಆಡಿಯೇ ಇಲ್ಲ. ಇಲ್ಲಿಗೆ ಬಂದೇ ಇಲ್ಲ."
ಚಿಲ್ಲರೆ ಹೆಚ್ಚು ಬಂದಿದೆಯೆಂದು
ಅಂಗಡಿಯವನಿಗೆ ತೋರಿಸುವ ಹಾಗೆ
ಅಂಗೈ ಚಾಚಿಯೇ ನಿಂತಿದ್ದಳು, ಬಾಗಿಲು ಮುಚ್ಚಿಕೊಂಡ ಮೇಲೂ.

ರಾತ್ರಿ ಒಂಬತ್ತೂವರೆ. ಕಿತ್ತಾನು ಹಿಂಡುತ್ತಿದ್ದೆ.
ಬೂಟು ಕಳಚುವ ಸದ್ದು.
"ಅವೆಲ್ಲ ಎಲ್ಲಿವೆ?"
ಡಬ್ಬಿ ಕೊಟ್ಟೆ.
ನೆಲಕ್ಕೆ ಕೂತು ಚೀಟಿ ಬಿಚ್ಚಿ ಓದಿದ:
ಉಜಿಹಾರಾ. ನೊನಾಕ.
ಹಿಗಾ, ಓಕಿನಾವದಿಂದ ಹಡಗು ಹತ್ತಿ ಬಂದಿದ್ದವನು.
"ಇವನು ಹೇಗಿದ್ದ?"
"ತೊದಲುತ್ತಿದ್ದ. ಚಾಟಿ ಸುತ್ತುವಾಗ ಹಾಡು ಗುನುಗುತ್ತಿದ್ದ,
ಅದರಲ್ಲಿ ತೊದಲಿರಲಿಲ್ಲ."
ಉಳಿದೊಂದು ಪೀಪಾಯಿಯ ಮೇಲೆ
ಒಂದೊಂದನ್ನೇ ಆಡಿಸಿದ.
ಒಂದರ ಹೊಟ್ಟೆಗೆ ಮೇಣ ತುಂಬಿತ್ತು, ಒಂದರ ಅಂಚು ಸವೆದಿತ್ತು.
ಒಂದರ ಮೇಲೆ ಅವನೇ ಹೊಡೆದ ಗುನ್ನ;
ಅದನ್ನು ಹೆಬ್ಬೆರಳಲ್ಲಿ ಬಹಳ ಹೊತ್ತು ಸವರಿದ.

ಮಿಸುಜುವಿನದು ಅವನ ಕೈಗೆ ಬಗ್ಗಲಿಲ್ಲ.
ಮೂರು ಸಲ ಬೀಸಿದ, ಮೂರು ಸಲ ಅಡ್ಡಬಿತ್ತು.
"ಅವಳು ಎಡಗೈಯವಳು" ಎಂದೆ.
"ಗೊತ್ತಿರಲಿಲ್ಲ" ಎಂದ,
ಒಂದು ಗಜ ದೂರದಲ್ಲಿ ನಿಂತು ಆಡಿದ್ದವನು.

ಚಾಟಿಯನ್ನು ತಿರುವುಮುರುವಾಗಿ ಸುತ್ತಿ
ಅಕ್ಷರ ತಿದ್ದುವವನ ಹಾಗೆ ತುಟಿ ಕಚ್ಚಿ
ಎಡಗೈಯಲ್ಲಿ ಬಿಟ್ಟ.
ತೂರಾಡಿತು, ಅಂಚಿನವರೆಗೆ ಓಡಿ ಬಂತು,
ನಡುವಿನ ತಗ್ಗಿಗೆ ಇಳಿದು
ನಿಂತಿತು, ತಿರುಗುತ್ತಲೇ.

ಹಾಗೆ ನಿಂತ ಬುಗುರಿಗೆ ನಮ್ಮ ಹಳಬರು
'ತಿಳಿಯಾಯಿತು' ಎನ್ನುತ್ತಾರೆ,
ಕದಡಿದ ಕೊಳಕ್ಕೆ ಹೇಳುವ ಅದೇ ಮಾತು.
ಕೆತ್ತಿದ ಅಕ್ಷರ ಕರಗಿ ಬೂದು ಬಣ್ಣದ ಉಂಗುರ,
ದೀಪ ಅದರಲ್ಲಿ ಅಲುಗದೆ.
ಕುಗಾ ಉಸಿರು ಬಿಗಿಹಿಡಿದು ನೋಡುತ್ತಿದ್ದ,
ಅದು ತಾನಾಗಿ ವಾಲಿ ಮಲಗುವವರೆಗೂ.
ನನ್ನ ಕೈಯಲ್ಲಿ ಕಿತ್ತಾನಿನ ನೀರು ತೊಟ್ಟಿಕ್ಕುತ್ತಿತ್ತು.

ಟಿವಿಯಲ್ಲಾದರೆ ಮುಂದಿನ ವಾರ ಅವನು ಸೋಲಬೇಕಿತ್ತು.
ಗೆದ್ದ.
ಆದರೆ ಸದ್ದು ಅಡಗಿದ ಮೇಲೂ ಪೀಪಾಯಿ ಬಿಟ್ಟು ಕದಲಲಿಲ್ಲ.
ಬಿದ್ದದ್ದನ್ನು ತಾನೇ ಎತ್ತಿಕೊಂಡ, ಎರಡೂ ಕೈಯಲ್ಲಿ.
ಎದುರಿನ ಹುಡುಗನಿಗೆ ಬಾಗಿದ;
ಕತ್ತು ಬಾಗಿತು, ಬೆನ್ನಿಗೆ ಇನ್ನೂ ರೂಢಿಯಿಲ್ಲ.
ಹೆಸರು ಕೇಳಿದ,
ಸರಿಯಾಗಿ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಕೇಳಿದ.

ಸಂಜೆ ಸ್ಟೇಶನ್ನಿನ ದಾರಿಯಲ್ಲಿ ಕಂಡ,
ಅರವತ್ತೆರಡು ಕಬ್ಬಿಣ ಒಂದೇ ಜೇಬಿಗೆ ತುಂಬಿ
ಕೋಟು ಮೊಣಕಾಲಿಗೆ ಜೋತು
ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದ.