ತಿಂಗಳ ದೊರೆ

ಮೂವತ್ತೊಂದು ವರ್ಷ ಊರ ಬಾಗಿಲ ಕೀಲಿ ಹೊತ್ತವನು ನಾನು, ಪ್ರಿಬೋ.
ವರ್ಷಕ್ಕೆ ಹನ್ನೆರಡರಂತೆ ನೀವೇ ಲೆಕ್ಕ ಹಾಕಿಕೊಳ್ಳಿ
ಎಷ್ಟು ದೊರೆಗಳನ್ನು ಕಂಡೆನೆಂದು.
ರಗೂಸಾದಲ್ಲಿ ದೊರೆತನಕ್ಕೆ ತಿಂಗಳಷ್ಟೇ ಆಯಸ್ಸು,
ಹೆಸರಿಗೆ ತಕ್ಕಂತೆ ಬೆಳೆದು, ಹೆಸರಿಗೆ ತಕ್ಕಂತೆ ಕರಗಬೇಕು.

ಸದ್ದಾಗಬಾರದೆಂದು ಬಟ್ಟೆಯ ಉಂಡೆಯಲ್ಲಿ ಮತ ಹಾಕುತ್ತಾರೆ,
ಬೇಡವೆಂದವನ ಬೇಡ ಅವನ ಬೆರಳಿಗಷ್ಟೇ ಗೊತ್ತು.
ದಕ್ಷಿಣದ ಗಾಳಿ ಎದ್ದ ದಿನ ಅದೂ ಇಲ್ಲ.
ಆ ಗಾಳಿಗೆ ಮೀನೂ ಹಳಸುತ್ತದೆ, ಮಾತೂ.

ಆಯ್ಕೆಯಾದವನು ಅರಮನೆ ಹೊಕ್ಕರೆ ಮುಗಿಯಿತು:
ಕೆಂಪು ರೇಷ್ಮೆ, ಕಲ್ಲಿನ ಮೆಟ್ಟಿಲು, ಒಂದೇ ಮಂಚ.
ಹೆಂಡತಿ ಮಕ್ಕಳು ಎರಡು ಓಣಿಯಾಚೆ.
ಹೊಸ್ತಿಲು ದಾಟುವುದಿದ್ದರೆ ಊರ ಕೆಲಸಕ್ಕೆ ಮಾತ್ರ,
ಮುಂದೆ ಕಹಳೆ, ಹಿಂದೆ ಕೆಂಪಂಗಿಯ ಇಪ್ಪತ್ತು ಆಳು.
ಸಂಜೆ ನಾನು ಗೊಂಚಲು ಒಪ್ಪಿಸುತ್ತೇನೆ.
ಇಡೀ ಊರಿಗೆ ಬೀಗ ಜಡಿದು ದಿಂಬಿನಡಿ ಇಟ್ಟುಕೊಂಡು
ಒಬ್ಬನೇ ಮಲಗುತ್ತಾನೆ.

ಓರ್ಸಾತನ ಸರದಿ ಬಂದದ್ದು ಚಳಿಗಾಲದ ಕೊನೆಗೆ.
ಐವತ್ತು ದಾಟಿದ ಉಪ್ಪಿನ ವ್ಯಾಪಾರಿ, ಎರಡನೆಯ ಮದುವೆ,
ಮಾತನ್ನೂ ತಕ್ಕಡಿಯಲ್ಲಿಟ್ಟು ಕೊಡುವವನು.
ಐದನೆಯ ಸಂಜೆ ಕೇಳಿದ:
“ಕಮ್ಮಾರರ ಓಣಿಯಲ್ಲಿ ದೀಪ ಇತ್ತೇ?”
ಇತ್ತು ಎಂದೆ. ಎರಡನೆಯ ಮಹಡಿಯಲ್ಲಿ.
ಸೂಲಗಿತ್ತಿ ವ್ಲಾಹುಶಾ ಒಳಗೆ ಹೋದಳು ಎಂದೆ.

ಮರುದಿನ ಬೆಳಗಿನ ಜಾವ ಮಗು ಅತ್ತದ್ದು ಬೀದಿಗೆಲ್ಲ ಕೇಳಿತ್ತು,
ಅರಮನೆಗೆ ಸಂಜೆ ನನ್ನ ಜೊತೆ ನಡೆದು ಬರಬೇಕಾಯಿತು.
ಹೆಣ್ಣು, ಎಂದೆ.
ಅವನು ಕೀಲಿ ಎಣಿಸತೊಡಗಿದ.
ಏಳಿದ್ದವು. ಹನ್ನೊಂದರವರೆಗೆ ಎಣಿಸಿದ.

ಬೆಳಗಾಗುತ್ತಲೇ ಅಪ್ಪಣೆ:
ಕಮ್ಮಾರರ ಓಣಿಯ ನೀರಿನ ತೊಟ್ಟಿ ಸೋರುತ್ತಿದೆಯಂತೆ,
ದೊರೆಗಳು ಖುದ್ದು ಪರಿಶೀಲಿಸುತ್ತಾರೆ.
ಕಹಳೆ ಊದಿತು. ಇಪ್ಪತ್ತು ಕೆಂಪಂಗಿ. ಗುಮಾಸ್ತ. ನಾಯಿಗಳು.
ಮೇಲೆ ಕಿಟಕಿ ತೆರೆದು ಪೆರುಶಾ ನಿಂತಿದ್ದಳು,
ಎದೆಯ ಬಳಿ ಬಿಳಿಯದೊಂದು ಗಂಟು.
ಅವನು ತಲೆಯೆತ್ತಲಿಲ್ಲ.
ಎತ್ತಿದ್ದರೆ ಅದು ಸ್ವಂತ ಕೆಲಸವಾಗುತ್ತಿತ್ತು.

ತೊಟ್ಟಿಗೆ ಬಾಗಿದ. ಧಾರೆ ಬೀಳುತ್ತಿತ್ತು, ಕಲಕುತ್ತಿತ್ತು.
“ನೀರು ನಿಲ್ಲಿಸಿ.”
ನಿಲ್ಲಿಸಿದರು.
ಅಲೆಯ ಮೇಲೆ ಅಲೆ ಅಡಗಿ
ಮೊದಲು ಕಿಟಕಿ ಬಂತು, ಆಮೇಲೆ ಅವಳು,
ಆಮೇಲೆ ಮುಷ್ಟಿಯಷ್ಟು ಒಂದು ಮುಖ,
ತಲೆಕೆಳಗಾಗಿ.
ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು
ದೊರೆಗಳು ತೊಟ್ಟಿಯನ್ನು ಪರಿಶೀಲಿಸಿದರು.
“ಹನಿಯೂ ಸೋರುತ್ತಿಲ್ಲ, ಬರೆದುಕೋ,” ಎಂದು
ಮೂಗು ಒರೆಸಿಕೊಂಡರು.

ಲೆಕ್ಕದವರು ಬಿಡುತ್ತಾರೆಯೇ?
ಕಾರಣವಿಲ್ಲದೆ ಊರ ನೀರು ತಡೆದದ್ದಕ್ಕೆ ಎರಡು ಬೆಳ್ಳಿ ದಂಡ.
ಕಟ್ಟಿದ. ರಸೀದಿ ಕೇಳಿ ಪಡೆದ.

ತಿಂಗಳು ತುಂಬಿತು.
ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು
ಕಹಳೆಯಿಲ್ಲದೆ ಮನೆಗೆ ನಡೆದ.
ಅಂದೇ ಸಂಜೆ ಹೊಸಬನಿಗೆ ಕೀಲಿ ಒಪ್ಪಿಸಿದೆ.
ಗಂಟುಮೋರೆಯವನು, ಉಸಿರೆತ್ತಲಿಲ್ಲ.
ನಾನು ಬಾಗಿಲವರೆಗೆ ಬಂದ ಮೇಲೆ
ಹಿಂದಿನಿಂದ ಕೇಳಿದ:
“ಪ್ರಿಬೋ, ಆ ಬಂದರಿನ ಕಡೆಯ ತೊಟ್ಟಿಯನ್ನು
ಯಾರಾದರೂ ನೋಡಿ ಎಷ್ಟು ದಿನವಾಯಿತು?”