ನೀಲಿ ಚೀಟಿ

ಎಳನೀರಿನವಳ ಗಾಡಿಗೂ ಕಪ್ಪು ಬಿಳುಪು ಚೌಕ,
ಲಾಟರಿ ಮಾರುವ ಕುರುಡನ ಕೊರಳಲ್ಲೂ
ತಾಯಿತದ ಹಾಗೆ ಅದೇ ಚೌಕ.
ಡೋಂಗ್ ಸ್ವಾಯ್, ಮಾವಿನ ಬಯಲು ಅಂತ ಅರ್ಥವಂತೆ;
ನನಗಿನ್ನೂ ಒಂದು ಮಾವಿನ ಮರ ಕಂಡಿಲ್ಲ.
ಇಲ್ಲಿ ಎಲ್ಲರೂ ಫೋನು ಚಾಚುತ್ತಾರೆ,
ಗಾಡಿಯ ಮೇಲಿನ ಡಬ್ಬಿ ಕೂಗುತ್ತದೆ:
ಬಂತು, ಇಪ್ಪತ್ತು ಸಾವಿರ, ಬಂತು.

ನಾನೊಬ್ಬ ಮಾತ್ರ
ತೊಡೆಯ ಬೆವರಿಗಂಟಿದ ಪ್ಲಾಸ್ಟಿಕ್ ನೋಟು ಸುಲಿದು
ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸುವವನು.
ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ.
ಮೊದಲ ವಾರ ಒಂದು ಎಳನೀರಿಗೆ
ಐದು ಲಕ್ಷ ಕೊಟ್ಟು ನಡೆದುಬಿಟ್ಟಿದ್ದೆ.
ಓಡಿಬಂದು, ಬೈದು, ಅಂಗಿ ಜೇಬಿಗೆ ತುರುಕಿ ಹೋದಳು.
ಬೈಗುಳ ಮಾತ್ರ ಪೂರಾ ಅರ್ಥವಾಯಿತು.

ಬ್ಯಾಂಕಿನ ಹುಡುಗಿ ಪಾಸ್‌ಪೋರ್ಟ್ ತಿರುವಿ ನಕ್ಕಳು:
ಮೂರು ತಿಂಗಳ ವೀಸಾಕ್ಕೆ ಖಾತೆಯಿಲ್ಲ, ಇನ್ನೊಮ್ಮೆ ಬನ್ನಿ.
ನಮ್ಮ ಓಣಿಯಲ್ಲಿ ಬಾಗಿಲ ಮೇಲೆ ಸುಣ್ಣದಲ್ಲಿ
'ನಾಳೆ ಬಾ' ಎಂದು ಬರೆದಿರುತ್ತಿತ್ತು,
ದೆವ್ವ ಓದಿಕೊಂಡು ಹಿಂದಿರುಗಲೆಂದು.
ಮೂರು ಸಲ ಓದಿದೆ, ಮೂರು ಸಲ ಹಿಂದಿರುಗಿದೆ.
ಪಾಪ, ಆ ದೆವ್ವ.

ಬಂದದ್ದು ಗೋಡಂಬಿ ಒಡೆಯುವ ಯಂತ್ರ ಜೋಡಿಸಲು.
ಕಾರ್ಖಾನೆಗೆ ಒಂಬತ್ತು ಕಿಲೋಮೀಟರು, ಕೆಂಪು ಧೂಳು,
ಎರಡೂ ಕಡೆ ಸಾಲು ತಪ್ಪದ ರಬ್ಬರ್ ಮರ.
ಕಾಲು ಸೋತಿತು. ಬೈಕು ಬೇಕಾಯಿತು.

ಥುವಾನನ ಅಂಗಡಿಯಲ್ಲಿ ಹಳೆಯ ಹೊಂಡಾ ವೇವ್,
ಸೀಟಿಗೆ ಟೇಪು, ಒಂದೇ ಕನ್ನಡಿ.
ಎಂಬತ್ತೈದು ಲಕ್ಷ, ಅಂದ.
ಅಪ್ಪ ಕೇಳಿಸಿಕೊಂಡಿದ್ದರೆ ಅಲ್ಲೇ ಕುಸಿಯುತ್ತಿದ್ದ.
ನೋಟಿನ ಕಟ್ಟು ತೆಗೆದರೆ ಥುವಾನ್ ಕೈ ಹಿಂದೆ ಕಟ್ಟಿಕೊಂಡ:
ಬೇಡಪ್ಪ, ನೋಟು ಕಂಡರೆ ಈ ಕೈ
ಸೀದಾ ಹುಂಜದ ಜೂಜಿಗೆ ಹೋಗುತ್ತದೆ.
ಹೆಂಡತಿಯ ಖಾತೆಗೇ ಹಾಕು.

ಕಾರ್ಖಾನೆಯ ನ್ಯಾನ್ ಜೊತೆಗೆ ಬಂದಿದ್ದಳು.
ಹದಿನೇಳು ವರ್ಷ ಗೇರುಬೀಜ ಸುಲಿದು
ಅದರ ಎಣ್ಣೆ ಬೆರಳಿನ ಗೆರೆ ತಿಂದಿದೆ;
ಅವಳ ಫೋನಿಗೇ ಅವಳ ಹೆಬ್ಬೆಟ್ಟಿನ ಗುರುತಿಲ್ಲ.
ನನ್ನ ನೋಟು ಮೂರು ಸಲ ಎಣಿಸಿ
ಹೆಲ್ಮೆಟ್ಟಿನೊಳಗೆ ಹಾಕಿ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು
ಆರು ಅಂಕಿ ಒತ್ತಿದಳು.
ಡಬ್ಬಿ ಕೂಗಿತು. ಬಂತು.
ಒಳಗಿಂದ ಹೆಂಡತಿಯೂ ಕೂಗಿದಳು, ಬಂತು ಎಂದೇ ಇರಬೇಕು.

ಬೈಕಿನ ನೀಲಿ ಚೀಟಿಯಲ್ಲಿ ಹೆಸರು: ಲೂ ಥಿ ಸೆನ್.
ಯಾರು?
ಥುವಾನ್ ಭುಜ ಹಾರಿಸಿದ. ಅವನು ಕೊಂಡದ್ದು ಒಬ್ಬ ಬಡಗಿಯಿಂದ,
ಬಡಗಿ ಇನ್ನಾರಿಂದಲೋ. ಹೆಸರು ಬದಲಿಸುವ ಕಷ್ಟ ಯಾರಿಗೆ ಬೇಕು?
ಹೀಗೆ, ದುಡ್ಡು ನ್ಯಾನಳದು, ಗಾಡಿ ಸೆನ್‌ಳದು,
ಪೆಟ್ರೋಲು ಮಾತ್ರ ನನ್ನದು.
ತಪಾಸಣೆಯ ಪೊಲೀಸ್ ಚೀಟಿ ಓದಿದ,
ನನ್ನ ಮೀಸೆ ನೋಡಿದ, ಮತ್ತೆ ಚೀಟಿ ಓದಿದ.
'ಹೋಗಮ್ಮ ಸೆನ್' ಎಂಬಂಥದೇನೋ ಅಂದು ಕೈ ಬೀಸಿದ.

ಒಂದು ಭಾನುವಾರ ಚೀಟಿಯ ವಿಳಾಸ ಹುಡುಕಿ ಹೋದೆ.
ಮನೆಯಿದ್ದ ಜಾಗದಲ್ಲಿ ತಗಡಿನ ಬೇಲಿ.
ಪಕ್ಕದಲ್ಲಿ ಮಂಜುಗಡ್ಡೆ ಮಾರುವ ಮುದುಕಿ
ನನ್ನನ್ನಲ್ಲ, ಬೈಕನ್ನು ಗುರುತು ಹಿಡಿದಳು.
ಸೀಟಿನ ಟೇಪು ಸವರಿ, ಗೋಡೆ ತೋರಿಸಿದಳು:
ಸೀಮೆಸುಣ್ಣದ ಹೆಸರುಗಳ ನಡುವೆ
ಸೆನ್, ಮೂವತ್ತು ಸಾವಿರ.
ಮಗಳ ಊರಿಗೆ ಹೋದಳಂತೆ, ಯಾವ ಊರೋ.
ಹೋಗುವ ಹಿಂದಿನ ದಿನದ ಮಂಜುಗಡ್ಡೆಯಂತೆ.

ಸುತ್ತ ನೋಡಿದೆ. ಎಲ್ಲೂ ಚೌಕವಿಲ್ಲ.
ಜೇಬಿನಿಂದ ನೋಟು ಸುಲಿದೆ, ಸೊನ್ನೆ ಎಣಿಸಿದೆ, ಕೊಟ್ಟೆ.
ಮುದುಕಿ ಬಿಸಿಲಿಗೆ ಹಿಡಿದು ನೋಡಿ ಸೊಂಟಕ್ಕೆ ಸಿಕ್ಕಿಸಿ
ಒದ್ದೆ ಹೆಬ್ಬೆಟ್ಟಿನಿಂದ ಹೆಸರು ಒರೆಸಿದಳು.
ಯಾವ ಡಬ್ಬಿಯೂ ಕೂಗಲಿಲ್ಲ.
ಎರಡನೇ ಒದೆತಕ್ಕೆ ಗಾಡಿ ಶುರುವಾಯಿತು.