ವಿಚಾರಣೆ

ಸಲೋಮಿ ಸಿಸ್ಟರ್ ಸೊಂಟದಲ್ಲಿ ಹನ್ನೊಂದು ಬೀಗದಕೈ.
ವಾರ್ಡಿನ ತುದಿಯಲ್ಲಿ ತೂಕಡಿಸುವ ನಮಗೆ ಕೇಳಲೆಂದೇ
ಬೇಕಂತಲೇ ಕುಲುಕಿಸಿಕೊಂಡು ಬರುತ್ತಾರೆ.

ರೋಸ್ಟರ್ ಬರೆಯುವುದು ಪೆನ್ಸಿಲ್ಲಿನಲ್ಲಿ.
ಒಬ್ಬಳ ಮಗುವಿಗೆ ಜ್ವರ, ಇನ್ನೊಬ್ಬಳಿಗೆ ಸೀಮಂತ,
ಗುತ್ತಿಗೆಯವಳಿಗೆ ಮೂರು ತಿಂಗಳಿಂದ ಸಂಬಳವಿಲ್ಲ, ಬರುತ್ತಿಲ್ಲ.
ಅಳಿಸಿ ಅಳಿಸಿ
ಗುರುವಾರದ ಚೌಕ ತೂತಾಗಿದೆ.

ರಾತ್ರಿ ಮೂರೂವರೆ.
ಹದಿನೇಳನೇ ಹಾಸಿಗೆಯ ಅಜ್ಜಿ
ನಿದ್ದೆಯಲ್ಲೇ ತೋಳು ಚಾಚಿದ್ದರು,
ನನ್ನ ಕೈಯಲ್ಲಿ ಸಿರಿಂಜು.
ಬೀಗದಕೈ ಸದ್ದೇ ಇಲ್ಲದೆ
ಹಿಂದಿನಿಂದ ಬಂದು ಮಣಿಕಟ್ಟು ಹಿಡಿದರು, ಅಷ್ಟೇ.
ಸೀಸೆಯ ಚೀಟಿಯನ್ನು ನನ್ನ ಕಣ್ಣಿಗೆ ತಿರುಗಿಸಿದರು.
ಬಾಯಿ ಒಣಗಿತು.
"ಬೆಳಿಗ್ಗೆ ವಿಚಾರಿಸ್ಕೋತೀನಿ ನಿನ್ನ."

ಮಲ್ಲೇಶ್ವರದಲ್ಲಿ ಹೂವಿನ ಗಾಡಿಗಳು ಬಂದು ನಿಲ್ಲುವ ಹೊತ್ತಿಗೆ
ಕ್ಯಾಂಟೀನಿನ ಮೆಟ್ಟಿಲ ಮೇಲೆ
ಎರಡು ಇಡ್ಲಿ ಮುಂದಿಟ್ಟು ವಿಚಾರಿಸಿಕೊಂಡರು:
ರಾತ್ರಿ ಏನು ತಿಂದಿದ್ದೆ?
ಇದು ಎಷ್ಟನೇ ನೈಟು?
ಆರಾ?
ಆರು ಹಾಕಿದ್ದು ಯಾರು?

ಹಾಕಿದ್ದು ಅವರೇ.
ನಾನು ಚಟ್ನಿ ನೋಡುತ್ತ ಕೂತೆ.

ವರದಿ ಪುಸ್ತಕದಲ್ಲಿ ನನ್ನ ತಪ್ಪನ್ನು
ಒಂದಕ್ಷರ ಬಿಡದೆ ಬರೆದರು.
ಕಾರಣ ಎಂಬ ಕಡೆ ತಮ್ಮ ಹೆಸರು, ಪೆನ್ನಿನಲ್ಲಿ.
ಆಮೇಲೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು
ನನ್ನ ಏಳನೆಯ ರಾತ್ರಿ ಅಳಿಸಿದರು.

ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.